ಆಸ್ಪತ್ರೆ ಸಿಬ್ಬಂದಿಯ ಕೋವಿಡ್ ಆಂಟಿಬಾಡಿ ಪರೀಕ್ಷೆ: ನಾವು ಮಾಡಿದ ಬಗೆ

ಹಿಂದೆ ಸೋಂಕಾಗಿತ್ತೇ ಎಂದು ತಿಳಿಯಲು ರಕ್ತದಲ್ಲಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಹುಡುಕುವ ಪರೀಕ್ಷೆ ಇದು. ರಕ್ತ ತೆಗೆಯುವ ಮುಂಚೆ ಒಂದು ಹಾಳೆ ತುಂಬಿಸಿಕೊಳ್ಳುತ್ತಿದ್ದೆವು: ಯಾವ ವಾರ್ಡ್, ಏನು ಕೆಲಸ, ಜ್ವರ-ಕೆಮ್ಮು ಶುರುವಾದ ದಿನ, ಆರ್‌ಟಿ-ಪಿಸಿಆರ್ ಆಗಿದ್ದರೆ ಅದರ ತಾರೀಖು. ಲಕ್ಷಣ ಕಾಣಿಸಿ ಮೂರು ವಾರ ಆಗಿರದಿದ್ದರೆ ಆಮೇಲೆ ಬನ್ನಿ ಅನ್ನುತ್ತಿದ್ದೆವು. ಐಜಿಜಿ ಎಂಬ ಆಂಟಿಬಾಡಿ ಏರಲು ಸಮಯ ಬೇಕು. ಅವಸರ ಮಾಡಿದರೆ ಸೋಂಕಾದವರೂ ನೆಗೆಟಿವ್ ಬರುತ್ತಾರೆ. ಡಾಕ್ಟರು, ನರ್ಸುಗಳಷ್ಟೇ ಸಾಲದು. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನಿನವರೂ ಬೇಕು. ಗುತ್ತಿಗೆಯವರ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿ ಸಿಗುವುದಿಲ್ಲ, ಗುತ್ತಿಗೆದಾರರ ಹಾಜರಿ ಪುಸ್ತಕವನ್ನೇ ತರಿಸಬೇಕು.

2020ರಲ್ಲಿ ಬಳಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿ ರೂಪಿಸಿದ ಕೋವಿಡ್ ಕವಚ್ ಎಲೈಸಾ (ಬಣ್ಣ ಬದಲಾವಣೆಯಿಂದ ಆಂಟಿಬಾಡಿ ಪತ್ತೆಹಚ್ಚುವ ಕಿಟ್). ಬಾವಿ ಎಂದು ಕರೆಯುವ ಸಣ್ಣ ಗುಳಿಗಳಿರುವ ಒಂದು ಪ್ಲೇಟಿಗೆ 90 ಸ್ಯಾಂಪಲ್. 3 ಮಿ.ಲೀ. ರಕ್ತ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು 10 ನಿಮಿಷ ಸೆಂಟ್ರಿಫ್ಯೂಜ್. ಕಿಟ್ಟನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು. ಸೀರಮ್ಮನ್ನು (ಮೇಲೆ ನಿಂತ ತಿಳಿ ದ್ರವ) ಬಫರ್ ದ್ರಾವಣದಲ್ಲಿ ತೆಳುಮಾಡಬೇಕು; ಎಲ್ಲವನ್ನೂ ಮೊದಲು ಟ್ಯೂಬಿನಲ್ಲಿ ಬೆರೆಸಿಟ್ಟು, ಮಲ್ಟಿಚಾನೆಲ್ ಪಿಪೆಟ್‌ನಿಂದ ಒಟ್ಟಿಗೆ ಪ್ಲೇಟಿಗೆ. ಒಂದೊಂದಾಗಿ ಹಾಕುತ್ತ ಹೋದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಹತ್ತು ನಿಮಿಷದ ಅಂತರ ಬೀಳುತ್ತದೆ.

ಎಡವುವುದು ಹೆಚ್ಚಾಗಿ ತೊಳೆಯುವಲ್ಲಿ. ಬಾವಿಯಲ್ಲಿ ಕಾಂಜುಗೇಟ್ (ಬಣ್ಣ ತರಿಸುವ ಕಿಣ್ವ ಅಂಟಿಸಿದ ಆಂಟಿಬಾಡಿ) ಚೂರು ಉಳಿದರೂ ನೆಗೆಟಿವ್ ಸ್ಯಾಂಪಲ್ ಹಳದಿ ತಿರುಗುತ್ತದೆ. ವಾಷರ್‌ನ ಒಂದು ಸೂಜಿ ಕಟ್ಟಿಕೊಂಡಿದ್ದರೆ ಇಡೀ ಸಾಲೇ ಪಾಸಿಟಿವ್. ಹಾಗೆ ಸಾಲಾಗಿ ಬಂದರೆ ಸೋಂಕನ್ನಲ್ಲ, ಸೂಜಿಯನ್ನು ನೋಡಿ. ಪ್ರತಿ ಸಲ ತೊಳೆದ ಮೇಲೆ ಪ್ಲೇಟನ್ನು ಟಿಶ್ಯೂ ಮೇಲೆ ಬೋರಲು ಹಾಕಿ ತಟ್ಟಬೇಕು, ಆದರೆ ಒಣಗಲು ಬಿಡಬಾರದು. ಬಾಟಲಿಯಲ್ಲೇ ನೀಲಿಯಾದ ಟಿಎಂಬಿಯನ್ನು (ಬಣ್ಣ ಬರಿಸುವ ದ್ರಾವಣ) ಚೆಲ್ಲಿಬಿಡಿ. ಬಣ್ಣದ ಕ್ರಿಯೆ ನಿಲ್ಲಿಸುವ ಸ್ಟಾಪ್ ದ್ರಾವಣ ಹಾಕಿದ ಮೇಲೆ ತಡಮಾಡದೆ ಬಣ್ಣದ ಗಾಢತೆಯನ್ನು ರೀಡರ್ ಯಂತ್ರದಲ್ಲಿ 450 ನ್ಯಾನೊಮೀಟರ್‌ನಲ್ಲಿ ಓದಿ. ಕಟಾಫ್ (ಪಾಸಿಟಿವ್-ನೆಗೆಟಿವ್ ನಡುವಿನ ಗಡಿ) ಆಸುಪಾಸಿನ ಸ್ಯಾಂಪಲನ್ನು ಮೂಲ ಟ್ಯೂಬಿನಿಂದಲೇ ಎರಡು ಬಾವಿಗೆ ಹಾಕಿ ಮತ್ತೆ ನೋಡುತ್ತಿದ್ದೆವು.

ಕಿಟ್ ಎಷ್ಟೇ ಚೆನ್ನಾಗಿದ್ದರೂ ಲೆಕ್ಕ ಬಿಡುವುದಿಲ್ಲ. ಸೆನ್ಸಿಟಿವಿಟಿ (ಸೋಂಕಾದವರನ್ನು ಪಾಸಿಟಿವ್ ಎನ್ನುವ ಪ್ರಮಾಣ) 92, ಸ್ಪೆಸಿಫಿಸಿಟಿ (ಸೋಂಕಾಗದವರನ್ನು ನೆಗೆಟಿವ್ ಎನ್ನುವ ಪ್ರಮಾಣ) 98 ಪ್ರತಿಶತ ಇದ್ದು, 1000 ಮಂದಿಯಲ್ಲಿ 50 ಜನಕ್ಕಷ್ಟೇ ಸೋಂಕಾಗಿದೆ ಅಂದುಕೊಳ್ಳಿ. ನಿಜವಾದ ಪಾಸಿಟಿವ್ 46, ಸುಳ್ಳು ಪಾಸಿಟಿವ್ 19. ಸೋಂಕು ವಿರಳವಾಗಿದ್ದ ವಿಭಾಗಗಳಲ್ಲಿ ಪಾಸಿಟಿವ್ ಬಂದವರನ್ನು ಆಂಟಿಬಾಡಿ ಹಿಡಿಯಲು ವೈರಸ್ಸಿನ ಬೇರೆ ಭಾಗ ಬಳಸುವ, ಅಂದರೆ ಬೇರೆ ಆಂಟಿಜೆನ್‌ನ ಕಿಟ್ಟಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿದ್ದು ಇದಕ್ಕೇ.

2021ರ ಜನವರಿ 16ರಿಂದ ಲಸಿಕೆ ಶುರುವಾಯಿತು, ಮೊದಲ ಸರದಿಯೇ ಆರೋಗ್ಯ ಸಿಬ್ಬಂದಿಯದು. ಅಲ್ಲಿಗೆ ಹಳೆಯ ಪ್ರಶ್ನಾವಳಿ ಕೆಲಸಕ್ಕೆ ಬಾರದಾಯಿತು. ಯಾವ ಲಸಿಕೆ, ಎಷ್ಟು ಡೋಸ್, ಯಾವತ್ತು ಎಂಬ ಮೂರು ಕಾಲಂ ಸೇರಿಸಬೇಕಾಯಿತು. ಕೋವಿಶೀಲ್ಡ್ ಕೊಡುವುದು ವೈರಸ್ಸಿನ ಹೊರಮೈಯ ಸ್ಪೈಕ್ ಪ್ರೋಟೀನನ್ನು ಮಾತ್ರ. ಹಾಗಾಗಿ ಅದನ್ನು ಹಾಕಿಸಿಕೊಂಡವರಲ್ಲಿ ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ಸಿನ ಒಳಗಿನ ಪ್ರೋಟೀನ್) ವಿರುದ್ಧದ ಆಂಟಿಬಾಡಿ ಕಂಡರೆ ಸೋಂಕು ಆಗಿತ್ತೆನ್ನಬಹುದು. ಕೋವ್ಯಾಕ್ಸಿನ್‌ನಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್. ಅಲ್ಲಿ ಈ ಉಪಾಯ ನಡೆಯದು. ಕವಚ್‌ನ ಆಂಟಿಜೆನ್ನೂ ಇಡೀ ವೈರಸ್ಸಿನದೇ, ಲಸಿಕೆಯ ಬಳಿಕ ಆ ಕಿಟ್ಟಿನಿಂದ ಸೋಂಕಿನ ಆಂಟಿಬಾಡಿಯನ್ನು ಲಸಿಕೆಯದರಿಂದ ಬೇರ್ಪಡಿಸಲಾಗದು.

ಫಲಿತಾಂಶ ಕೋಡ್ ನಂಬರಿನಲ್ಲಿ, ಮುಚ್ಚಿದ ಲಕೋಟೆಯಲ್ಲಿ ಅವರವರ ಕೈಗೇ. ವಿಭಾಗದ ಮುಖ್ಯಸ್ಥರಿಗೆ ಸಂಖ್ಯೆ ಮಾತ್ರ. ಇಲ್ಲದಿದ್ದರೆ "ಹೇಗೂ ಆಂಟಿಬಾಡಿ ಇದೆಯಲ್ಲ" ಎಂದು ಡ್ಯೂಟಿ ಪಟ್ಟಿ ಬರೆಯುವವರು ಅದೇ ನರ್ಸ್ ಹುಡುಗಿಯರನ್ನು ಮತ್ತೆ ಮತ್ತೆ ಕೋವಿಡ್ ವಾರ್ಡಿಗೆ ಹಾಕುತ್ತಾರೆ. ಪಾಸಿಟಿವ್ ಇದ್ದರೂ ಎನ್95, ಪಿಪಿಇ ಬಿಡುವಂತಿಲ್ಲ ಎಂಬ ಸಾಲನ್ನು ರಿಪೋರ್ಟಿನ ಮೇಲ್ಭಾಗದಲ್ಲೇ ಅಚ್ಚು ಹಾಕಿಸಿದ್ದೆವು. ಕೆಳಗೆ ಹಾಕಿದರೆ ಯಾರೂ ಓದುವುದಿಲ್ಲ.