ಮುಂಗೊ ಒಣಕೆರೆಯ ದಂಡೆಯಲ್ಲಿ ಎರಡು ರಾತ್ರಿ: ಹೋಗುವುದು ಹೇಗೆ, ಇರುವುದು ಹೇಗೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ನೈಋತ್ಯ ಮೂಲೆಯಲ್ಲಿ ಮುಂಗೊ ನ್ಯಾಷನಲ್ ಪಾರ್ಕ್ ಇದೆ. ಅಲ್ಲಿ ಒಂದು ದೊಡ್ಡ ಕೆರೆ. ಅದರ ನೀರು ಬತ್ತಿ ಸುಮಾರು ಹದಿನೈದು ಸಾವಿರ ವರ್ಷವಾಯಿತು. ಈಗ ಕೆರೆಯಂಗಳದ ತುಂಬ ಬೂದುಹಸಿರು ಬಣ್ಣದ ಕುಳ್ಳ ಪೊದೆಗಳು. ಅವುಗಳ ನಡುವೆ ಕಾಂಗರೂ, ಎಮು ಹಿಂಡು. ಪೂರ್ವದ ದಂಡೆಯ ಉದ್ದಕ್ಕೂ ಅರ್ಧಚಂದ್ರಾಕಾರದಲ್ಲಿ ಮರಳು, ಜೇಡಿಯ ದಿಬ್ಬ. ಅದಕ್ಕೆ ವಾಲ್ಸ್ ಆಫ್ ಚೈನಾ ಅಂತ ಹೆಸರು.

ಮೆಲ್ಬರ್ನ್, ಸಿಡ್ನಿ, ಅಡಿಲೇಡ್‌ನಲ್ಲಿರುವ ನಮ್ಮವರು ರಜೆ ಬಂದರೆ ಕಡಲ ಕಡೆ ಹೋಗುವುದೇ ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದರೂ ಅಷ್ಟೆ, ಗ್ರೇಟ್ ಓಷನ್ ರೋಡ್ ತೋರಿಸಿ ವಾಪಸ್. ಒಮ್ಮೆ ಗಾಡಿಯನ್ನು ಒಳನಾಡಿಗೆ ತಿರುಗಿಸಿ. ಮುಂಗೊದಲ್ಲಿ ಕಾಣುವುದನ್ನು ಬೇರೆಲ್ಲೂ ಕಾಣಲಾಗದು. ಆದರೆ ಸುಮ್ನೆ ಬ್ಯಾಗ್ ಎತ್ತಿಕೊಂಡು ಹೊರಡುವ ಜಾಗ ಅದಲ್ಲ. ಪಾರ್ಕಿನೊಳಗೆ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ.

ಮೊದಲು ತಿಂಗಳು ಗೊತ್ತು ಮಾಡಿ

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಟೆಂಟಿನಲ್ಲಿ ಇರಲಾಗುವುದಿಲ್ಲ, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಯೋಚಿಸಲೇಬೇಡಿ. ಜೂನ್, ಜುಲೈಯಲ್ಲಿ ಹಗಲು ಹಿತವಾಗಿರುತ್ತದೆ. ರಾತ್ರಿ ಮಾತ್ರ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆಯ ಆಚೀಚೆ ಬರುವ ದಿನಗಳನ್ನು ಆರಿಸಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಈಸ್ಟರ್ ಮತ್ತು ಶಾಲಾ ರಜೆಯಲ್ಲಿ ಜಾಗ ಬೇಗ ತುಂಬುತ್ತದೆ. ನ್ಯೂ ಸೌತ್ ವೇಲ್ಸ್ ನ್ಯಾಷನಲ್ ಪಾರ್ಕ್ಸ್ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಿ. ಕ್ಯಾಂಪಿಂಗ್ ಶುಲ್ಕ ಬೇರೆ, ಗಾಡಿಯ ಪ್ರವೇಶ ಶುಲ್ಕ ಬೇರೆ.

ಟೆಂಟ್ ಹಾಕಲು ಎರಡು ಜಾಗಗಳಿವೆ. ಮೇನ್ ಕ್ಯಾಂಪ್ ವಿಸಿಟರ್ ಸೆಂಟರಿಗೆ ಹತ್ತಿರ. ಬೆಲಾಹ್ ಕ್ಯಾಂಪ್ ಇನ್ನೂ ಒಳಗೆ, ದಿಬ್ಬದ ಆಚೆ. ಮೊದಲ ಸಲ ಹೋಗುವವರಿಗೆ ಮೇನ್ ಕ್ಯಾಂಪೇ ಸರಿ. ಟೆಂಟ್ ಒಗ್ಗದವರಿಗೆ ಹಳೆಯ ಶಿಯರರ್ಸ್ ಕ್ವಾರ್ಟರ್ಸ್ ಇದೆ. ಒಂದು ಕಾಲದಲ್ಲಿ ಕುರಿ ಉಣ್ಣೆ ಕತ್ತರಿಸುವವರು ಉಳಿಯುತ್ತಿದ್ದ ಕೋಣೆಗಳವು.

ದಾರಿ: ಬಿಸಿಲಿಗಿಂತ ಮಳೆಗೆ ಹೆದರಿ

ಹತ್ತಿರದ ದೊಡ್ಡ ಊರು ಮಿಲ್ಡೂರ. ಮೆಲ್ಬರ್ನ್‌ನಿಂದ ಅಲ್ಲಿಗೆ ಸುಮಾರು 540 ಕಿ.ಮೀ., ಅಡಿಲೇಡ್‌ನಿಂದ 400. ಸಿಡ್ನಿಯವರಿಗೆ ಹೆಚ್ಚುಕಡಿಮೆ ಸಾವಿರ ಕಿ.ಮೀ., ನಡುವೆ ಒಂದು ರಾತ್ರಿ ತಂಗಲೇಬೇಕು. ಮೊದಲ ದಿನ ಮಿಲ್ಡೂರದಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಪಾರ್ಕಿಗೆ ಹೊರಡುವುದು ಎಲ್ಲರಿಗೂ ಒಳ್ಳೆಯದು. ಮರ್ರೆ ನದಿ ದಾಟಿದರೆ ಬುರೋಂಗ. ಅಲ್ಲಿಂದ ಅರುಂಪೊ ರೋಡ್ ಹಿಡಿಯಬೇಕು. ಮಿಲ್ಡೂರದಿಂದ ಪಾರ್ಕಿಗೆ ಸುಮಾರು 110 ಕಿ.ಮೀ.

ಈ ದಾರಿಯಲ್ಲಿ ಮಣ್ಣಿನ ರಸ್ತೆ ಇದೆ. ಒಣಗಿದ್ದಾಗ ಸಾಮಾನ್ಯ ಕಾರೂ ಹೋಗುತ್ತದೆ. ಮಳೆ ಬಂದರೆ ಫೋರ್ ವೀಲ್ ಡ್ರೈವ್ ಇದ್ದರೂ ಪ್ರಯೋಜನವಿಲ್ಲ. ಗದಗ, ವಿಜಯಪುರ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಗಾಲಿಗೆ ಮಣ್ಣು ಹೇಗೆ ಮೆತ್ತಿಕೊಳ್ಳುತ್ತದೋ ಹಾಗೆಯೇ ಇಲ್ಲಿಯೂ. ಜೋರು ಮಳೆಯಾದರೆ ರಸ್ತೆಯನ್ನೇ ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ದೊಡ್ಡ ದಂಡ ಬೀಳುತ್ತದೆ. ದಂಡದ ಮಾತು ಬಿಡಿ, ಹಸಿ ರಸ್ತೆಯಲ್ಲಿ ಗಾಲಿ ಕೊರೆದ ಗುಂಡಿ ಒಣಗಿ ಕಲ್ಲಾಗುತ್ತದೆ, ಅಲ್ಲಿ ಬದುಕುವವರು ಆಮೇಲೆ ಅದರ ಮೇಲೆಯೇ ಓಡಾಡಬೇಕು.

ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ರಸ್ತೆಯ ಸ್ಥಿತಿ ನೋಡಿ. ಪಾರ್ಕಿನ ವೆಬ್‌ಸೈಟಿನಲ್ಲಿ ಎಚ್ಚರಿಕೆಗಳು ಬರುತ್ತವೆ, ಸ್ಥಳೀಯ ಕೌನ್ಸಿಲ್‌ಗಳೂ ಹಾಕುತ್ತವೆ. ಹಿಂದಿರುಗುವ ದಿನ ಮಳೆಯ ಸೂಚನೆ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಳಗಿದ್ದಾಗ ರಸ್ತೆ ಮುಚ್ಚಿದರೆ ಅದು ಒಣಗುವವರೆಗೆ ಅಲ್ಲೇ ಇರಬೇಕು. ಎರಡು ದಿನಕ್ಕೆ ಆಗುವಷ್ಟು ಊಟ, ನೀರು ಹೆಚ್ಚಿಗೆ ಒಯ್ಯಿ ಅನ್ನುವುದು ಇದಕ್ಕೇ.

ಗಾಡಿಯ ತಯಾರಿ

ಬಾಡಿಗೆ ಕಾರಾದರೆ ಕರಾರು ಪತ್ರ ಓದಿ. ಮಣ್ಣಿನ ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬ ಷರತ್ತು ಇರುವುದುಂಟು. ಇದ್ದರೆ ವಿಮೆ ಸಿಗುವುದಿಲ್ಲ.

ಮಿಲ್ಡೂರದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಹೋಗಿ ಬರುವುದಕ್ಕೆ 220, ಪಾರ್ಕಿನೊಳಗಿನ ಸುತ್ತು 70, ಚಿಲ್ಲರೆ ಓಡಾಟ ಸೇರಿದರೆ 300 ಕಿ.ಮೀ. ದಾಟುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಇದೆಯಾ ನೋಡಿ. ಮಣ್ಣಿನ ರಸ್ತೆ ಅಲೆಅಲೆಯಾಗಿ ಏರಿಳಿದಿರುತ್ತದೆ, ಗಾಡಿ ಗಡಗಡ ನಡುಗುತ್ತದೆ. ವೇಗ ಇಳಿಸಿ. ಎದುರಿನಿಂದ ಗಾಡಿ ಬಂದರೆ ಇನ್ನೂ ನಿಧಾನಿಸಿ, ಧೂಳು ಕಣ್ಣು ಕಟ್ಟುತ್ತದೆ. ಬೆಳಗಿನ ಜಾವ, ಮುಸ್ಸಂಜೆ, ರಾತ್ರಿ ಗಾಡಿ ಓಡಿಸಬೇಡಿ. ಕಾಂಗರೂಗಳು ರಸ್ತೆಗೆ ಬರುವುದು ಆಗಲೇ.

ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯರಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ಅದರದ್ದೇ. ಯಾವತ್ತು ಹೋಗುತ್ತೇವೆ, ಯಾವತ್ತು ಬರುತ್ತೇವೆ ಎಂದು ಊರಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಸ್ಯಾಟಲೈಟ್ ಫೋನ್ ಅಥವಾ ತುರ್ತು ಸಂಕೇತ ಕಳಿಸುವ ಪಿ.ಎಲ್.ಬಿ. ಸಾಧನ ಜೊತೆಗಿದ್ದರೆ ಧೈರ್ಯ. ಬಾಡಿಗೆಗೂ ಸಿಗುತ್ತವೆ.

ನೀರು ಮತ್ತು ಅಡುಗೆ

ಕುಡಿಯುವುದಕ್ಕೆ, ಅಡುಗೆಗೆ, ಕೈಕಾಲು ತೊಳೆಯುವುದಕ್ಕೆ ಸೇರಿ ತಲೆಗೆ ದಿನಕ್ಕೆ 10 ಲೀಟರ್ ಲೆಕ್ಕ ಹಿಡಿಯಿರಿ. ಒಂದೇ ದೊಡ್ಡ ಕ್ಯಾನ್ ಬೇಡ. ಎರಡು ಮೂರು ಕ್ಯಾನ್‌ಗಳಲ್ಲಿ ಒಯ್ಯಿ, ಒಂದು ಸೋರಿದರೆ ಇನ್ನೊಂದು ಉಳಿಯಲಿ.

ಸೌದೆ ಆರಿಸುವಂತಿಲ್ಲ. ನೆಲಕ್ಕೆ ಬಿದ್ದ ಒಣಕೊಂಬೆಯನ್ನೂ ಮುಟ್ಟಬೇಡಿ, ಅದರ ಪೊಟರೆಯಲ್ಲಿ ಹಲ್ಲಿ, ಓತಿ ವಾಸ ಮಾಡುತ್ತವೆ. ಸಣ್ಣ ಗ್ಯಾಸ್ ಒಲೆ ಸಾಕು. ಬೆಂಕಿ ನಿಷೇಧದ ದಿನ ಅದಕ್ಕೂ ನಿರ್ಬಂಧ ಇರಬಹುದು. ಹಾಗಾಗಿ ಒಲೆ ಹಚ್ಚದೆ ತಿನ್ನುವಂಥದ್ದು ಒಂದಷ್ಟು ಇರಲೇಬೇಕು.

ಈ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಸಾಟಿಯಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ತರಿಯಾದ ಅವಲಕ್ಕಿಗೆ ಹುಣಸೆರಸ, ಬೆಲ್ಲ, ಸಾರಿನಪುಡಿ ಹಾಕಿ ನೆನೆಸಿಟ್ಟರೆ ಆಯಿತು, ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಡಬ್ಬಿಗೆ ಹಾಕಿಕೊಳ್ಳಿ. ರವೆಯನ್ನು ಒಗ್ಗರಣೆ ಸಮೇತ ಹುರಿದು ಒಯ್ದರೆ ಬಿಸಿನೀರಿಗೆ ಸುರಿದು ಐದು ನಿಮಿಷದಲ್ಲಿ ಉಪ್ಪಿಟ್ಟು. ಒಂದೇ ಪಾತ್ರೆ, ಬಸಿಯುವ ಗಂಜಿಯಿಲ್ಲ. ಪುಳಿಯೋಗರೆ ಗೊಜ್ಜು ಸರಿ, ಆದರೆ ಅಕ್ಕಿ ತೊಳೆದು ಅನ್ನ ಬಸಿಯುವುದಕ್ಕೇ ನೀರು ಹೋಗುತ್ತದೆ. ಒಂದು ಹೊತ್ತಿಗೆ ಸಾಕು. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಒಂದು ಲೋಟ ನೀರಲ್ಲಿ ತೊಳೆಯಿರಿ. ಕಸವೆಲ್ಲ ನಿಮ್ಮ ಜೊತೆಗೇ ವಾಪಸ್ ಬರಬೇಕು.

ಟೆಂಟ್ ಹಾಕುವಾಗ

ಮಧ್ಯಾಹ್ನ ಮೂರರೊಳಗೆ ಮುಟ್ಟಿ, ಬೆಳಕಿದ್ದಾಗಲೇ ಟೆಂಟ್ ಹಾಕಿ. ನೆಲ ಗಟ್ಟಿ, ತೆಳು ಗೂಟ ಬಾಗುತ್ತದೆ. ಉಕ್ಕಿನ ಗೂಟ, ಸುತ್ತಿಗೆ ಒಯ್ಯಿ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಟೆಂಟಿನ ಬಾಗಿಲು ಆ ಕಡೆ ಬೇಡ. ಚಪ್ಪಲಿ, ಶೂ ಒಳಗಿಡಿ, ಹಾಕಿಕೊಳ್ಳುವಾಗ ಕೊಡವಿ. ತಿನ್ನುವ ಸಾಮಾನು ಕಾರಿನೊಳಗೆ ಇರಲಿ.

ಬೇಸಿಗೆ ಹತ್ತಿರವಾದಂತೆ ಹಾವುಗಳು ಓಡಾಡುತ್ತವೆ. ಮುಚ್ಚಿದ ಶೂ ಹಾಕಿ, ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಹಾವು ಕಚ್ಚಿದರೆ ಗಾಯ ತೊಳೆಯಬಾರದು, ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಕಚ್ಚಿದ ಜಾಗವನ್ನೇ ಮೊದಲು ಮುಚ್ಚಿ, ಆಮೇಲೆ ಇಡೀ ಕೈಗೆ ಅಥವಾ ಕಾಲಿಗೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ. ಕೋಲು ಕಟ್ಟಿ, ಅಲ್ಲಾಡದಂತೆ ಮಲಗಿಸಿ. ನಡೆಸಬೇಡಿ. ಆಸ್ಟ್ರೇಲಿಯಾದಲ್ಲಿ ಕಲಿಸುವ ಪ್ರಥಮ ಚಿಕಿತ್ಸೆ ಇದೇ. ಅಂಥ ಎರಡು ಬ್ಯಾಂಡೇಜ್ ಕಾರಿನಲ್ಲಿ ಇರಲಿ. ತುರ್ತು ನಂಬರ್ 000.

ನೋಡುವುದು: ಕರೆದುಕೊಂಡು ಹೋಗುವವರ ಜೊತೆ ಹೋಗಿ

ಇದು ಬಾರ್ಕಂಜಿ, ಮುತ್ತಿ ಮುತ್ತಿ, ನ್ಗಿಯಂಪಾ ಎಂಬ ಮೂರು ಮೂಲನಿವಾಸಿ ಸಮುದಾಯಗಳ ನೆಲ. 1968ರಲ್ಲಿ ಜಿಮ್ ಬೌಲರ್ ಎಂಬ ಭೂವಿಜ್ಞಾನಿಗೆ ದಿಬ್ಬದಲ್ಲಿ ಸುಟ್ಟ ಮೂಳೆಗಳು ಕಂಡವು. ಒಬ್ಬ ಹೆಣ್ಣುಮಗಳ ದಹನ ಸಂಸ್ಕಾರದ ಅವಶೇಷ ಅದು. 1974ರಲ್ಲಿ ಅವರೇ ಇನ್ನೊಂದು ಸಮಾಧಿ ಕಂಡರು. ಅಲ್ಲಿ ಹೂಳಿದ್ದ ಗಂಡಸಿನ ಮೈಮೇಲೆ ಕೆಂಪು ಕಾವಿಮಣ್ಣು ಉದುರಿಸಿದ್ದರು. ಇಬ್ಬರೂ ಬದುಕಿದ್ದು ಸುಮಾರು 40,000 ವರ್ಷಗಳ ಹಿಂದೆ. ತೀರಿಕೊಂಡವರನ್ನು ಹೀಗೆ ಶಾಸ್ತ್ರೋಕ್ತವಾಗಿ ಕಳಿಸಿಕೊಡುತ್ತಿದ್ದ ಜನ ಅಷ್ಟು ಹಿಂದೆಯೇ ಇಲ್ಲಿದ್ದರು! ಸಂಶೋಧನೆಗೆಂದು ಒಯ್ದ ಹೆಣ್ಣುಮಗಳ ಅವಶೇಷ 1992ರಲ್ಲಿ ಸಮುದಾಯದ ಕೈಸೇರಿತು. ಗಂಡಸಿನ ಅವಶೇಷ ಮುಂಗೊಗೆ ಮರಳಿದ್ದು 2017ರಲ್ಲಿ. ತಮ್ಮ ಹಿರಿಯರನ್ನು ಮನೆಗೆ ಕರೆತರಲು ಆ ಜನ ಎಷ್ಟು ವರ್ಷ ಕೇಳುತ್ತಲೇ ಇರಬೇಕಾಯಿತು ಎಂಬುದು ನೆನಪಿರಲಿ. ನಾವು ಅಲ್ಲಿ ಅತಿಥಿಗಳು.

ಗೈಡ್ ಇಲ್ಲದೆ ದಿಬ್ಬದ ಮೇಲೆ ಹತ್ತುವಂತಿಲ್ಲ. ದೂರದಿಂದ ನೋಡಲು ಮರದ ಹಲಗೆಯ ಕಟ್ಟೆ ಇದೆ. ಬಹಳ ಜನ ಅಲ್ಲೇ ಫೋಟೊ ತೆಗೆದು ವಾಪಸ್ ಆಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಲನಿವಾಸಿ ರೇಂಜರ್‌ಗಳು ನಡೆಸುವ ಟೂರ್ ಬುಕ್ ಮಾಡಿ. ಬೇರೆ ಯಾವುದಕ್ಕೆ ದುಡ್ಡು ಉಳಿಸಿದರೂ ಇದಕ್ಕೆ ಉಳಿಸಬೇಡಿ.

ಅವರ ಜೊತೆ ನಡೆದರೆ ನೆಲ ಕಾಣುವ ರೀತಿಯೇ ಬೇರೆ. ಬರಿಯ ಮರಳು ಅಂದುಕೊಂಡ ಕಡೆ ಅವರು ಕೂತು ಬೆರಳು ತೋರಿಸುತ್ತಾರೆ. ಸುಟ್ಟು ಕಪ್ಪಾದ ಜೇಡಿ ಉಂಡೆಗಳ ಗುಂಪು, ಅದು ಒಲೆ. ಪಕ್ಕದಲ್ಲಿ ಕಪ್ಪೆಚಿಪ್ಪಿನ ಚೂರು. ಉಗುರಿನಷ್ಟು ಅಗಲದ ಬಿಳಿ ಹರಳು ಒಂದು, ಅದು ಗೋಲ್ಡನ್ ಪರ್ಚ್ ಮೀನಿನ ಕಿವಿಯ ಮೂಳೆ. ಅದರೊಳಗೆ ಉಂಗುರಗಳಿರುತ್ತವೆ, ಮೀನಿನ ವಯಸ್ಸನ್ನು ಅದರಿಂದ ಹೇಳಬಹುದು. ಕೆರೆಯಲ್ಲಿ ನೀರಿದ್ದಾಗ ಯಾರೋ ಮೀನು ಹಿಡಿದು ಸುಟ್ಟು ತಿಂದು ಎದ್ದುಹೋದ ಜಾಗ ಅದು. ಏನನ್ನೂ ಎತ್ತಬೇಡಿ, ನೋಡಿ ಅಲ್ಲೇ ಇಡುತ್ತೇನೆ ಅಂತಲೂ ಮುಟ್ಟಬೇಡಿ. ಯಾವುದು ಎಲ್ಲಿ, ಯಾವ ಪದರದಲ್ಲಿ ಇತ್ತು ಅನ್ನುವುದರ ಮೇಲೆಯೇ ಅದರ ಕಾಲ ಗೊತ್ತಾಗುವುದು.

ಪದರಗಳನ್ನು ನೀವೇ ಗುರುತಿಸಬಹುದು. ತಳದಲ್ಲಿ ಕೆಂಪಗಿನ ಗೋಲ್ ಗೋಲ್ ಪದರ, ಮನುಷ್ಯರು ಬರುವುದಕ್ಕೂ ಮೊದಲಿನದು. ನಡುವೆ ಮುಂಗೊ ಪದರ, ಕೆರೆ ತುಂಬಿದ್ದ ಕಾಲದ್ದು. ಮೇಲೆ ಬೂದುಬಣ್ಣದ ಝಾನ್ಸಿ ಪದರ, ಕೆರೆ ಬತ್ತುತ್ತ ಬಂದಾಗಿನದು. ದಂಡೆಯ ಮರಳನ್ನೂ ತಳದ ಜೇಡಿಯನ್ನೂ ಪಶ್ಚಿಮದ ಗಾಳಿ ತಂದು ಒಟ್ಟಿದ್ದರಿಂದ ಈ ದಿಬ್ಬವಾಯಿತು. 19ನೇ ಶತಮಾನದಲ್ಲಿ ಕುರಿ, ಮೊಲ ಬಂದು ಗಿಡ ಮೇಯ್ದು ನೆಲ ಬೋಳಾಯಿತು. ಮಳೆಗಾಳಿಗೆ ದಿಬ್ಬ ಕೊರೆದು, ಒಳಗಿದ್ದದ್ದೆಲ್ಲ ಹೊರಬಿತ್ತು. 1981ರಲ್ಲಿ ಯುನೆಸ್ಕೊ ಈ ವಿಲಾಂಡ್ರಾ ಕೆರೆಗಳ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಿಬ್ಬವು ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಸಂಜೆಯ ಟೂರ್ ಆರಿಸಿ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ.

ಮರುದಿನ 70 ಕಿ.ಮೀ. ಸುತ್ತಿಗೆ ಇಡಿ. ಇದು ನಿಮ್ಮದೇ ಕಾರಿನಲ್ಲಿ, ಫಲಕ ನೋಡುತ್ತ ಹೋಗುವ ದಾರಿ. ಕೆರೆಯಂಗಳ ದಾಟಿ, ದಿಬ್ಬದ ಬೆನ್ನಿಗೆ ಹೋಗಿ, ಮ್ಯಾಲಿ ಎಂಬ ಕುಳ್ಳ ನೀಲಗಿರಿ ಕಾಡಿನ ಮೂಲಕ ತಿರುಗಿ ಬರುತ್ತದೆ. ರೆಡ್ ಟಾಪ್ ಮತ್ತು ವಿಗಾರ್ಸ್ ವೆಲ್‌ನಲ್ಲಿ ನಿಲ್ಲಿಸಿ. ರಸ್ತೆಯಲ್ಲಿ ಮೊಂಡುಬಾಲದ ದಪ್ಪ ಹಲ್ಲಿ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಅದು ಶಿಂಗಲ್‌ಬ್ಯಾಕ್. ಹತ್ತಿರ ಹೋದರೆ ನೀಲಿ ನಾಲಿಗೆ ಚಾಚುತ್ತದೆ. ಅದಕ್ಕೆ ಅವಸರವಿಲ್ಲ, ದಾಟಲಿ.

ವಿಸಿಟರ್ ಸೆಂಟರಿನ ಪಕ್ಕದ ಉಣ್ಣೆ ಕತ್ತರಿಸುವ ಕೊಟ್ಟಿಗೆ 1869ರದ್ದು. ಹತ್ತಿರದಲ್ಲೇ ಹೆಜ್ಜೆಗುರುತುಗಳ ಪ್ರತಿರೂಪ ಇದೆ. 2003ರಲ್ಲಿ ಮೇರಿ ಪ್ಯಾಪಿನ್ ಜೂನಿಯರ್ ಎಂಬ ಮುತ್ತಿ ಮುತ್ತಿ ಯುವತಿ ಒಣಗಿದ ಜೇಡಿಯಲ್ಲಿ ಮೊದಲ ಹೆಜ್ಜೆಯನ್ನು ಕಂಡರು. ಆಮೇಲೆ ನೂರಾರು ಸಿಕ್ಕವು, ಸುಮಾರು 20,000 ವರ್ಷ ಹಳೆಯವು. ದೊಡ್ಡವರದ್ದೂ ಇವೆ, ಮಕ್ಕಳದ್ದೂ ಇವೆ. ಮೂಲ ಗುರುತುಗಳನ್ನು ಕಾಪಾಡಲು ಮತ್ತೆ ಮರಳಿನಿಂದ ಮುಚ್ಚಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇಲ್ಲಿ ಸಾವಕಾಶವಾಗಿ ಹೊತ್ತು ಕಳೆಯಿರಿ.

ರಾತ್ರಿ

ಅಮಾವಾಸ್ಯೆ ಹತ್ತಿರ ಹೋಗಿ ಅಂದಿದ್ದು ಇದಕ್ಕೆ. ಸುತ್ತ ಎಲ್ಲೂ ಊರಿನ ದೀಪವಿಲ್ಲ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಆಕಾಶಗಂಗೆ ನೆತ್ತಿಯ ಮೇಲೆಯೇ ಇರುತ್ತದೆ. ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಕೂರಿ, ಫೋನ್ ತೆಗೆಯಬೇಡಿ. ಸದರ್ನ್ ಕ್ರಾಸ್ ಪಕ್ಕ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಅದು ತಲೆ. ಅಲ್ಲಿಂದ ಆಕಾಶಗಂಗೆಯೊಳಗಿನ ಕಪ್ಪು ಪಟ್ಟಿಯನ್ನೇ ಹಿಡಿದು ನಮ್ಮ ವೃಶ್ಚಿಕ ರಾಶಿಯ ಕಡೆ ಕಣ್ಣು ಹಾಯಿಸಿದರೆ ಉದ್ದ ಕತ್ತು, ಮೈ ಸಿಗುತ್ತದೆ. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳು ನೋಡುವ ಆಕಾಶದ ಎಮು ಅದು. ಹೊರಗೆ ಕೂರಲು ಕಂಬಳಿ, ಉಣ್ಣೆ ಟೋಪಿ ಮರೆಯಬೇಡಿ. ಚಳಿಗಾಲದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ತಡೆಯುವ ಸ್ಲೀಪಿಂಗ್ ಬ್ಯಾಗ್ ಬೇಕು, ಕೆಳಗೆ ದಪ್ಪ ಮ್ಯಾಟ್ ಬೇಕು. ಚಳಿ ನೆಲದಿಂದಲೇ ಜಾಸ್ತಿ ಏರುತ್ತದೆ.

ರಸ್ತೆ ಮುಚ್ಚಿದ್ದರೆ

ಇಷ್ಟೆಲ್ಲ ತಯಾರಾಗಿ ಮಿಲ್ಡೂರ ಮುಟ್ಟಿದಾಗ ರಸ್ತೆ ಮುಚ್ಚಿದೆ ಎಂಬ ಸುದ್ದಿ ಬರಬಹುದು. ವಾದ ಮಾಡಬೇಡಿ, ಅಡ್ಡದಾರಿ ಹುಡುಕಬೇಡಿ. ಮಿಲ್ಡೂರದಿಂದ ಅರ್ಧ ಗಂಟೆಯ ದಾರಿಯಲ್ಲಿ ವೆಂಟ್‌ವರ್ತ್ ಇದೆ. ಮರ್ರೆ, ಡಾರ್ಲಿಂಗ್ ನದಿಗಳು ಕೂಡುವುದು ಅಲ್ಲೇ. ಎರಡೂ ನೀರಿನ ಬಣ್ಣ ಬೇರೆ ಬೇರೆ ಇರುವುದನ್ನು ಬಹಳ ಸಲ ಬರಿಗಣ್ಣಿಂದಲೇ ನೋಡಬಹುದು. ಊರಾಚೆ ಪೆರಿ ಸ್ಯಾಂಡ್‌ಹಿಲ್ಸ್ ಎಂಬ ಕೆಂಪು ಮರಳಿನ ದಿಬ್ಬಗಳಿವೆ, ಅಲ್ಲಿ ಮಕ್ಕಳು ಮನಸಾರೆ ಹತ್ತಿ ಜಾರಬಹುದು. ಒಂದೆರಡು ದಿನ ಬಿಸಿಲು ಬಿದ್ದು ರಸ್ತೆ ತೆರೆದರೆ ಮುಂಗೊಗೆ ಹೊರಡಿ. ತೆರೆಯದಿದ್ದರೆ ಬುಕಿಂಗ್ ಮುಂದಕ್ಕೆ ಹಾಕುವ ಬಗ್ಗೆ ಪಾರ್ಕಿನವರಿಗೆ ಅಲ್ಲಿಂದಲೇ ಫೋನ್ ಮಾಡಿ, ಮಿಲ್ಡೂರದಲ್ಲಿ ಸಿಗ್ನಲ್ ಇರುತ್ತದೆ.