ಶೋಭನದ ರಾತ್ರಿಯ ಹೆದರಿಕೆ, ಆಮೇಲಿನ ನಾಲ್ಕು ತಿಂಗಳು

ನನ್ನ ಮದುವೆ ಆಗಿದ್ದು ಏಪ್ರಿಲ್‌ನಲ್ಲಿ. ನಮ್ಮ ಮಾನ್ವಿ ಕಡೆ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಾರೆ. ಕೆಳಗಿನ ಒಂದು ಕೋಣೆ ನಮ್ಮಿಬ್ಬರಿಗೆ ಬಿಟ್ಟಿದ್ದರು. ತಲೆ ಮೇಲೆ ಅಜ್ಜಿ ಕೆಮ್ಮುವುದು, ಚಿಕ್ಕಪ್ಪ ಎದ್ದು ನೀರು ಕುಡಿಯುವುದು ಎಲ್ಲ ಕೇಳಿಸುತ್ತಿತ್ತು. ಶೋಭನದ ರಾತ್ರಿ ಏನೂ ಆಗಲಿಲ್ಲ. ಆಸೆ ಇತ್ತು, ಅಂಗ ಮಾತ್ರ ಗಟ್ಟಿಯಾಗಲಿಲ್ಲ. ಮದುವೆ ಓಡಾಟದ ಸುಸ್ತು ಅಂದುಕೊಂಡೆ.

ಮರುದಿನ ಗೆಳೆಯರು, "ಏನಲೇ, ಪಾಸಾ ಫೇಲಾ?" ಅಂತ ಕೇಳಿ ನಕ್ಕರು. ನಾನೂ ನಕ್ಕೆ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಎರಡನೇ ರಾತ್ರಿ ನಾನು ಹೆಂಡತಿಯನ್ನು ನೋಡಲೇ ಇಲ್ಲ, ನನ್ನನ್ನೇ ಕಾಯುತ್ತಾ ಮಲಗಿದ್ದೆ. ಬಂತಾ? ಇನ್ನೂ ಇಲ್ವಾ? ಬಂದದ್ದು ಹೋಯ್ತಾ? ಎದೆ ಡವಡವ, ಅಂಗೈಯಲ್ಲಿ ಬೆವರು. ಹದಿನೈದು ದಿನದಲ್ಲಿ ಕತ್ತಲಾಗುವುದೆಂದರೇ ಭಯವಾಯಿತು. ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ನನ್ನ ಕೆಲಸ. ಲೆಕ್ಕ ಬಾಕಿ ಇದೆ ಅಂತ ಸುಳ್ಳು ಹೇಳಿ ರಾತ್ರಿ ಹತ್ತಕ್ಕೆ ಮನೆ ಸೇರತೊಡಗಿದೆ. ಒಬ್ಬ ದೋಸ್ತ ಒಂದು ಪೆಗ್ ಹಾಕು ಎಂದ. ಹಾಕಿದೆ. ಅವತ್ತು ಇನ್ನೂ ಕೆಟ್ಟದಾಯಿತು.

ಆಮೇಲೆ ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ ಒಂದು ಲಾಡ್ಜಿಗೆ ಹೋದೆ. ತಿಂಗಳಿಗೊಮ್ಮೆ ಬರುವ 'ಗುಪ್ತರೋಗ ತಜ್ಞ'. ನಾಡಿ ಹಿಡಿದು, ಚಿಕ್ಕಂದಿನ ಕೈಚಟದಿಂದ ನರ ಸತ್ತಿವೆ, ಒಂದು ಹನಿ ಧಾತು ಅಂದರೆ ನಲವತ್ತು ಹನಿ ರಕ್ತ ಎಂದ. ಆರೂವರೆ ಸಾವಿರ ಕೊಟ್ಟು ಲೇಹ್ಯ ತಂದೆ. ಏನೂ ಆಗಲಿಲ್ಲ. ಈಗ ಆ ಡಬ್ಬಿಯಲ್ಲಿ ನನ್ನ ಹೆಂಡತಿ ಶೇಂಗಾ ಹಿಂಡಿ ತುಂಬಿಡುತ್ತಾಳೆ.

ನನ್ನನ್ನು ಅಲ್ಲಾಡಿಸಿದ್ದು ಅವಳ ಮಾತು. ಒಂದು ರಾತ್ರಿ ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನಾ ಮನಸ್ಸಿಗಿ ಬಂದಿಲ್ಲೇನ್ರಿ ನಿಮಗ?" ನಾನು ನನ್ನ ಮರ್ಯಾದೆ ಲೆಕ್ಕ ಹಾಕುತ್ತಾ ಕೂತಿದ್ದೆ. ಅವಳು ಮೂರು ತಿಂಗಳಿಂದ ತಾನೇ ಚೆನ್ನಾಗಿಲ್ಲ ಅಂದುಕೊಂಡಿದ್ದಳು! ಅವತ್ತು ಎಲ್ಲ ಹೇಳಿಬಿಟ್ಟೆ, ಲಾಡ್ಜಿನದ್ದೂ ಸೇರಿಸಿ. "ಮೊದ್ಲ ಹೇಳಾಕ ಏನಾಗಿತ್ರಿ?" ಅಂದಳು. ಮುಂದಿನ ಸೋಮವಾರ ಇಬ್ಬರೂ ರಾಯಚೂರಿಗೆ ಹೋಗಿ ಒಬ್ಬ ಮನೋವೈದ್ಯರನ್ನು ಕಂಡೆವು.

ಅವರು ಮೊದಲು ಸಕ್ಕರೆ, ಬಿಪಿ ನೋಡಿಸಿದರು. ಎರಡೂ ಸರಿ ಇದ್ದವು. ಆಮೇಲೆ, ಬೆಳಿಗ್ಗೆ ಎದ್ದಾಗ ಗಟ್ಟಿಯಾಗಿರುತ್ತಾ ಎಂದು ಕೇಳಿದರು. ಇರುತ್ತೆ ಅಂದೆ. ಹಾಗಿದ್ದರೆ ನರಕ್ಕೂ ರಕ್ತನಾಳಕ್ಕೂ ದೊಡ್ಡ ತೊಂದರೆ ಇರಲಿಕ್ಕಿಲ್ಲ, ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲೇ ರಾತ್ರಿಗೆ 3ರಿಂದ 5 ಸಲ ಹಾಗಾಗುತ್ತೆ ಎಂದರು. ಆಮೇಲೆ ನಮ್ಮೂರ ಹೆಸರು ಕೇಳಿ ನಕ್ಕರು. "ತುಂಗಭದ್ರಾ ಎಡದಂಡಿ ಕಾಲುವಿ ಕೊನಿ ಊರು ನಿಮ್ದು. ಮ್ಯಾಗ ತೂಬು ಮುಚ್ಚಿದ್ರ ನಿಮ್ಮ ಹೊಲಕ್ಕ ನೀರು ಬರ್ತದೇನ್ರಿ? ಹಂಗಂತ ಹೊಲ ಕೆಟ್ಟದಂತೀರೇನು?"

ಗಟ್ಟಿಯಾಗುವುದು ಅಂದರೆ ಅಂಗಕ್ಕೆ ರಕ್ತ ತುಂಬುವುದು. ಅದಕ್ಕೆ ಮೈ ಸಡಿಲವಾಗಿರಬೇಕು. ಹೆದರಿದಾಗ ಏರುವ ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನೇ ಬಿಗಿ ಮಾಡುತ್ತೆ. ಓಡು ಇಲ್ಲವೇ ಹೊಡೆದಾಡು ಎಂದು ಮೈಗೆ ಹೇಳುವುದು ಅದರ ಕೆಲಸ, ಮಲಗುವ ಕೋಣೆ ಅದಕ್ಕೆ ಗೊತ್ತಿಲ್ಲ. ಕೈಚಟದಿಂದ ನರ ಸಾಯುವುದು, ನಲವತ್ತು ಹನಿ ರಕ್ತ, ಎರಡೂ ಬುರುಡೆ ಅಂತ ಅಲ್ಲೇ ತಿಳಿಯಿತು.

ಔಷಧಿ ಅಂತ ಅವರು ಹೇಳಿದ್ದು ವಿಚಿತ್ರವಾಗಿತ್ತು. ಮೂರು ವಾರ ಕೂಡುವುದು ಬೇಡ. ಗಟ್ಟಿಯಾದರೂ ಬೇಡ! ಅಮೆರಿಕದ ಲೈಂಗಿಕ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲೇ ಬರೆದಿಟ್ಟ ವಿಧಾನವಂತೆ, ಸೆನ್ಸೇಟ್ ಫೋಕಸ್ ಅನ್ನುತ್ತಾರೆ. ಮೊದಲ ವಾರ ಬೆನ್ನು, ಕೈ, ಕೂದಲು, ಪಾದ ಮುಟ್ಟುವುದಷ್ಟೇ. ಒಬ್ಬರು ಹದಿನೈದು ನಿಮಿಷ, ಆಮೇಲೆ ಇನ್ನೊಬ್ಬರು. ಎದೆ, ಜನನಾಂಗ ಮುಟ್ಟುವಂತಿಲ್ಲ. ಗಮನವೆಲ್ಲ ಬೆರಳ ತುದಿಯಲ್ಲಿ: ಬಿಸಿ ಇದೆಯಾ, ತಣ್ಣಗಿದೆಯಾ, ಒರಟಾ, ನುಣುಪಾ.

ಮೊದಲೆರಡು ದಿನ ನಗುವೇ ಬರುತ್ತಿತ್ತು. ಅವಳಿಗೆ ಅಂಗಾಲಲ್ಲಿ ಕಚಗುಳಿ ಜಾಸ್ತಿ. ಅಷ್ಟೊತ್ತಿಗೆ ಮಳೆಗಾಲ ಶುರುವಾಗಿತ್ತು, ಮಾಳಿಗೆಯವರೆಲ್ಲ ಕೆಳಗಿಳಿದಿದ್ದರು. ಗೋಡೆಯಾಚೆಯೇ ಅವ್ವ. ಟೇಬಲ್ ಫ್ಯಾನ್ ಜೋರಾಗಿ ಬಿಟ್ಟು, ಮೊಬೈಲ್ ಹೊರಗಿಟ್ಟು, ಒಳಗಿಂದ ಚಿಲಕ ಹಾಕಿಕೊಂಡೆವು. ಈ ಚಿಲಕದ ಉಪಕಾರ ದೊಡ್ಡದು ಅಂತ ನನ್ನ ಅಭಿಪ್ರಾಯ. ತುಂಬಿದ ಮನೆಯಲ್ಲಿ ಅರ್ಧ ಹೆದರಿಕೆ ಬಾಗಿಲದ್ದೇ.

ನಾಲ್ಕನೇ ದಿನ ಅವಳು ಬೆನ್ನು ಸವರುವಾಗ ತಾನಾಗಿಯೇ ಗಟ್ಟಿಯಾಯಿತು. ನಾನು ಕಾಯುತ್ತಿರಲಿಲ್ಲ. ಪರೀಕ್ಷೆಯೇ ಇಲ್ಲ ಅಂದಮೇಲೆ ಪಾಸು ಫೇಲು ಎಲ್ಲಿಂದ ಬರಬೇಕು, ಅಲ್ವಾ? ಎರಡನೇ ವಾರದಲ್ಲಿ ಎಲ್ಲ ಕಡೆ ಮುಟ್ಟಬಹುದಿತ್ತು. ಆದರೆ ಗಟ್ಟಿಯಾದದ್ದನ್ನು ಬೇಕಂತಲೇ ಇಳಿಯಲು ಬಿಡಬೇಕಿತ್ತು. ನನಗೆ ಕಷ್ಟವಾದದ್ದು ಇದೇ. ಇಳಿಯುತ್ತಿದ್ದಂತೆ ಹಳೆಯ ಡವಡವ ಮರಳುತ್ತಿತ್ತು. ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಬಿಡುತ್ತಾ ಸುಮ್ನೆ ಮಲಗುತ್ತಿದ್ದೆ. ಮತ್ತೆ ಮುಟ್ಟಿದರೆ ಮತ್ತೆ ಬರುತ್ತಿತ್ತು. ಇಳಿದದ್ದು ಮರಳಿ ಬರುತ್ತೆ ಅಂತ ಮೈಗೆ ಗೊತ್ತಾದ ದಿನ ಅರ್ಧ ವಾಸಿಯಾದೆ. ಮೂರನೇ ವಾರ ಮುಗಿಯುವ ಮೊದಲೇ ನಾವು ವೈದ್ಯರ ಮಾತು ಮೀರಿದೆವು. ಹೇಳಿದಾಗ ಅವರು ಬೈಯಲಿಲ್ಲ.

ಗಟ್ಟಿಯಾಗಲು ನೆರವಾಗುವ ಸಿಲ್ಡೆನಾಫಿಲ್ ಮಾತ್ರೆ ನಾಲ್ಕು ಬರೆದುಕೊಟ್ಟಿದ್ದರು, ಧೈರ್ಯಕ್ಕೆ. ಒಂದೇ ನುಂಗಿದೆ. ಅದನ್ನು ಕೇಳದೆ ನುಂಗಬಾರದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಬಿಪಿ ದಿಢೀರ್ ಕುಸಿದು ಜೀವಕ್ಕೇ ಅಪಾಯ.

ಈಗಲೂ ಮುಂಗಾರಿನಲ್ಲಿ ಯೂರಿಯಾ ಗಲಾಟೆ ಮುಗಿಸಿ ಬಂದ ರಾತ್ರಿ ಒಮ್ಮೊಮ್ಮೆ ಆಗುವುದಿಲ್ಲ. "ಇವತ್ತು ಆಗಲ್ಲ" ಅಂತೀನಿ. "ಮಕ್ಕೋರಿ ಮತ್ತ" ಅಂತಾಳೆ.

ಮೊನ್ನೆ ಅಂಗಡಿಗೆ ಬರುವ ರೈತರೊಬ್ಬರು ಸುತ್ತುಬಳಸಿ ಇದೇ ಮಾತು ತೆಗೆದರು. ವಯಸ್ಸು ನಲವತ್ತಾರು. ಮುಖ ಕೊಟ್ಟು ಹೇಳಲು ನಾಚಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ರಿ, ದುಡ್ಡಿಲ್ಲ ಅಂದೆ. ಬೆಳಿಗ್ಗೆಯೂ ಗಟ್ಟಿಯಾಗಲ್ಲ ಎಂದರು. ಹಾಗಾದರೆ ನನ್ನ ಕತೆ ಬಿಡಿ, ನಾಳೆಯೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿಸ್ರಿ ಎಂದೆ. ಇನ್ನೂರು ದಾಟಿತ್ತು.