ಬೆಂಗಳೂರಿನ ಫ್ಲಾಟಲ್ಲಿ ಹವಳ ಸಾಕಿದ್ದು: ನನ್ನ ಅನುಭವ

ಉಪ್ಪುನೀರಿನ ಟ್ಯಾಂಕ್ ಇಡ್ಬೇಕು ಅನ್ನೋರು ನನ್ನತ್ರ ಮೊದಲು ಕೇಳೋದೇ ಲೈಟ್ ಯಾವ್ದು, ಮೀನು ಯಾವ್ದು, ನೀಮೋ ಇಡಬಹುದಾ ಅಂತ. ನಾನು ಹೇಳೋದು ಇಷ್ಟೇ, ಬೆಂಗಳೂರಲ್ಲಿ ಹವಳ ಬೆಳೆಸ್ಬೇಕು ಅಂದ್ರೆ ದುಡ್ಡು ಮೊದಲು ನೀರಿಗೆ ಹಾಕಿ, ಆಮೇಲೆ ಕರೆಂಟಿಗೆ, ಆಮೇಲೆ ಬೇಸಿಗೆಗೆ. ಲೈಟು ಮೀನು ಎಲ್ಲಾ ಉಳಿದ ದುಡ್ಡಲ್ಲಿ.

ನನ್ನ ಟ್ಯಾಂಕ್ 60x45x45 ಸೆಂಟಿಮೀಟರ್, ಅಂದ್ರೆ ಸುಮಾರು 120 ಲೀಟರ್. ಕಲ್ಲು, ಗಾಜು, ಸ್ಟ್ಯಾಂಡ್ ಎಲ್ಲಾ ಸೇರಿದ್ರೆ 200 ಕಿಲೋ ಹತ್ರ ಆಗುತ್ತೆ, ಹಂಗಾಗಿ ಹಾಲ್ ಮಧ್ಯ ಶೋಗೆ ಇಡದೆ ಪಿಲ್ಲರ್ ಪಕ್ಕದ ಗೋಡೆಗೆ ಒತ್ತಿಟ್ಟಿದೀನಿ, ಕಿಟಕಿ ಬಿಸಿಲು ಬೀಳದ ಕಡೆ. ಇದಕ್ಕಿಂತ ಚಿಕ್ಕದು ಸುಲಭ ಅನ್ಕೋಬೇಡಿ, ನೀರು ಕಮ್ಮಿ ಇದ್ದಷ್ಟೂ ಉಪ್ಪು, ಶಾಖ ಎಲ್ಲಾ ಬೇಗ ಏರುಪೇರಾಗುತ್ತೆ.

ಇನ್ನೊಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. "ಮುರ್ಡೇಶ್ವರದ ಹತ್ರ ನೇತ್ರಾಣಿಯಲ್ಲಿ ಹವಳ ಇದ್ಯಲ್ಲ, ಒಂದು ತುಂಡು ತಂದ್ರೆ ಏನಾಗುತ್ತೆ" ಅಂತ ಕೇಳೋರು ಇದ್ದೇ ಇರ್ತಾರೆ. ಏನಾಗುತ್ತೆ ಅಂದ್ರೆ ಕೇಸ್ ಆಗುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ಗೆ 2001ರಲ್ಲೇ ದಿಬ್ಬ ಕಟ್ಟೋ ಗಟ್ಟಿ ಹವಳಗಳನ್ನ ಸೇರಿಸಿದಾರೆ, ಹುಲಿಗೆ ಇರೋ ಶೆಡ್ಯೂಲೇ ಅದು. ಸತ್ತ ಹವಳದ ಕಲ್ಲು ಇಟ್ಕೊಳ್ಳೋದೂ ಅಷ್ಟೇ ತಪ್ಪು. ಅದಕ್ಕೆ ನಾನು ಹಾಕಿರೋದು ಮನುಷ್ಯರೇ ಮಾಡಿದ ಸೆರಾಮಿಕ್ ಕಲ್ಲು, ಹವಳದಲ್ಲಿ ಸಾಕಿರೋದು ಬರೀ ಮೆತ್ತನೆ ಜಾತಿ, ಅದೂ ಫಾರ್ಮಲ್ಲಿ ಬೆಳೆದದ್ದು, ಬಿಲ್ಲು ಪೇಪರ್ ಸಮೇತ. ಅಂಗಡಿಯವರು ಪೇಪರ್ ಅಂದ ತಕ್ಷಣ ಮಾತು ಬದಲಾಯಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಈಗ ನೀರಿನ ವಿಷ್ಯ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದಿನ ಕಾವೇರಿ, ಒಂದಿನ ಬೋರ್‌ವೆಲ್, ಒಂದಿನ ಟ್ಯಾಂಕರ್, ಕೆಲವು ದಿನ ಮೂರೂ ಸೇರಿ. ಅಡುಗೆಮನೆ ಆರ್‌ಓ ನೀರೇ ಸಾಕಲ್ವಾ ಅಂತ ಎಲ್ರೂ ಕೇಳ್ತಾರೆ, ಸಾಕಾಗಲ್ಲ. ಕುಡಿಯೋ ನೀರಿನ ಪ್ಯೂರಿಫೈಯರಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರು ವಾಪಸ್ ಸೇರಿಸ್ತಾರೆ, ಇಲ್ಲಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತೆ, ಈಗಂತೂ ಆರೋಗ್ಯಕ್ಕೆ ಒಳ್ಳೇದು ಅಂತ ತಾಮ್ರದ ಕಾರ್ಟ್ರಿಡ್ಜ್ ಬೇರೆ ಬಂದಿದೆ. ನಮಗೆ ತಾಮ್ರ ಒಳ್ಳೇದೇ ಇರಬಹುದು, ಬಸವನಹುಳು, ಸೀಗಡಿ, ಹವಳಕ್ಕೆ ಅದು ವಿಷ, ಸ್ವಲ್ಪವೇ ಸಾಕು. ಹಂಗಾಗಿ ಬಾತ್ರೂಮ್ ಪಕ್ಕದ ಯುಟಿಲಿಟಿಲಿ ಬೇರೆ ಆರ್‌ಓ ಹಾಕಿಸಿದೀನಿ, ಸೆಡಿಮೆಂಟ್, ಕಾರ್ಬನ್, ಮೆಂಬ್ರೇನ್, ಕೊನೇಲಿ ಉಳಿದ ಲವಣ ಹೀರೋ ಡಿಐ ರೆಸಿನ್. ಹೊರಗೆ ಬರೋ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ ಅಳೆಯೋದು) ಇಟ್ರೆ 0 ತೋರಿಸ್ಬೇಕು, 2-3 ಬಂತು ಅಂದ್ರೆ ರೆಸಿನ್ ಬದಲಾಯಿಸೋ ಟೈಮ್. ಒಂದು ಬಕೆಟ್ ಒಳ್ಳೆ ನೀರಿಗೆ ಮೂರು ಬಕೆಟ್ ವೇಸ್ಟ್ ಹೋಗುತ್ತೆ, ಅದನ್ನ ಡ್ರಮ್ಮಲ್ಲಿ ಹಿಡಿದು ನೆಲ ಒರೆಸೋಕೆ, ಬಾತ್ರೂಮಿಗೆ ಬಳಸ್ತೀವಿ, ಇಲ್ದಿದ್ರೆ ಮನೇಲಿ ನನ್ನ ಹವ್ಯಾಸ ಯಾವತ್ತೋ ಮುಗಿದಿರೋದು.

ಅತ್ತೆ ಒಂದ್ಸಲ "ಕಲ್ಲುಪ್ಪು ಹಾಕಿದ್ರೆ ಆಗಲ್ವೇನಪ್ಪಾ, ಅದೂ ಸಮುದ್ರದ್ದೇ ತಾನೇ" ಅಂದ್ರು. ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಉಪ್ಪಿನ ಗದ್ದೇಲಿ ಉಪ್ಪು ಕಟ್ಟುವಾಗ ಕ್ಯಾಲ್ಸಿಯಂ ಭಾಗ ಮೊದಲೇ ತಳ ಹಿಡಿಯುತ್ತೆ, ಮೆಗ್ನೀಸಿಯಂ, ಪೊಟ್ಯಾಸಿಯಂ ಬಹುಪಾಲು ಕೊನೇಲಿ ಉಳಿಯೋ ನೀರಲ್ಲೇ ಹೋಗುತ್ತೆ, ಕೈಗೆ ಸಿಗೋದು ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡ್ ಮಾತ್ರ. ಹವಳದ ಟ್ಯಾಂಕಿಗೆ ಅಂತಲೇ ರೀಫ್ ಸಾಲ್ಟ್ ಬೇರೆ ಬರುತ್ತೆ, ಲೀಟರಿಗೆ 36-38 ಗ್ರಾಂ ಆಗುತ್ತೆ. ಬಕೆಟಲ್ಲಿ ಮೊದಲು ನೀರು, ಆಮೇಲೆ ಉಪ್ಪು, ಒಂದು ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರಲ್ಲಿ ನೋಡಿದ್ರೆ 35, ಅಂದ್ರೆ ಸಾವಿರಕ್ಕೆ 35 ಭಾಗ, ಬರ್ಬೇಕು, ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ 1.026. ಆ ಮೀಟರನ್ನ 35ರ ಸ್ಟ್ಯಾಂಡರ್ಡ್ ದ್ರಾವಣದಲ್ಲೇ ಸೆಟ್ ಮಾಡಿ, ಬರೀ ನೀರಲ್ಲಿ ಸೊನ್ನೆಗೆ ತಂದ್ರೂ ಮೇಲೆ ಹೋಗ್ತಾ ತಪ್ಪು ತೋರಿಸೋ ಮೀಟರ್‌ಗಳು ಬೇಕಾದಷ್ಟಿವೆ.

ಕಲ್ಲು ನೀರು ಹಾಕಿದ ಮೇಲೆ ತಿಂಗಳು ಒಂದೂವರೆ ತಿಂಗಳು ಏನೂ ಬಿಡಬಾರದು, ಮೀನಿನ ಕೊಳೆಯಿಂದ ಬರೋ ಅಮೋನಿಯಾ ವಿಷ, ಅದನ್ನ ತಿನ್ನೋ ಬ್ಯಾಕ್ಟೀರಿಯಾ ಮೊದಲು ಬೆಳೀಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತಂದು ಕಾಯೋದು, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ನೈಟ್ರೇಟ್ ಮಾಡುತ್ತೆ, ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಗೆ ಬಂದು ನೈಟ್ರೈಟೂ ಇಲ್ಲ ಅಂದ್ರೆ ಟ್ಯಾಂಕ್ ರೆಡಿ. ಅಷ್ಟರಲ್ಲಿ ಕಲ್ಲು ಮರಳೆಲ್ಲ ಕಂದು ಪುಡಿ ಉದುರಿಸಿದಂಗೆ ಆಗುತ್ತೆ, ಡಯಾಟಮ್ ಅನ್ನೋ ಒಂಥರಾ ಪಾಚಿ ಅದು, ಹೆದರಿ ಏನೇನೋ ಔಷಧಿ ಸುರೀಬೇಡಿ, ತಾನೇ ಹೋಗುತ್ತೆ.

ಕರೆಂಟ್ ಹೋದಾಗ ಲೈಟ್ ಇಲ್ದಿದ್ರೆ ಒಂದಿನ ಏನೂ ಆಗಲ್ಲ, ನೀರು ಓಡಾಡದಿದ್ರೆ ಆಗುತ್ತೆ. ನೀರಿನ ಮೇಲ್ಮೈ ಅಲ್ಲಾಡಿದ್ರೇ ಆಮ್ಲಜನಕ ಒಳಗೆ ಹೋಗೋದು, ಬೆಚ್ಚಗಿನ ಉಪ್ಪುನೀರಲ್ಲಿ ಅದು ಕರಗೋದೇ ಕಮ್ಮಿ. ಅದಕ್ಕೆ ಮನೆ ಯುಪಿಎಸ್ ಲೈನಿಗೆ ವೇವ್‌ಮೇಕರ್ (ಟ್ಯಾಂಕಲ್ಲಿ ನೀರು ಓಡಾಡಿಸೋ ಪಂಪ್) ಒಂದನ್ನೇ ಕೊಟ್ಟಿದೀನಿ, ಜತೆಗೆ ಬ್ಯಾಟರಿ ಏರ್ ಪಂಪ್ ಒಂದು ಸ್ಟ್ಯಾಂಡ್ ಒಳಗೆ ಇರುತ್ತೆ.

ಬೇಸಿಗೆಗೆ ಚಿಲ್ಲರ್, ಅಂದ್ರೆ ನೀರು ತಣ್ಣಗೆ ಮಾಡೋ ಮಷಿನ್, ತಗೊಳ್ಳಿ ಅಂತಾರೆ. 25-26 ಡಿಗ್ರಿ ಇರಬೇಕಾದ ನೀರು ಏಪ್ರಿಲಲ್ಲಿ 30 ದಾಟ್ತು ಅಂದ್ರೆ ಹವಳ ತನ್ನೊಳಗಿರೋ ಪಾಚಿಯನ್ನ ಹೊರಹಾಕಿ ಬೆಳ್ಳಗಾಗೋಕೆ ಶುರುವಾಗುತ್ತೆ, ಆ ಪಾಚಿಯೇ ಅದಕ್ಕೆ ಬಿಸಿಲಿಂದ ಊಟ ಮಾಡ್ಕೊಡೋದು. ನಾನು ಚಿಲ್ಲರ್ ತಗೊಂಡಿಲ್ಲ. ಕಂಪ್ಯೂಟರ್ ಒಳಗಿರೋ ಥರದ ಎರಡು ಸಣ್ಣ ಫ್ಯಾನ್ ನೀರಿನ ಮೇಲೆ ಬೀಸೋ ಹಂಗೆ ಕೂರಿಸಿದೀನಿ, ನೀರು ಆವಿಯಾಗ್ತಾ 2-3 ಡಿಗ್ರಿ ಇಳಿಯುತ್ತೆ. ಇದು ಬೆಂಗಳೂರಿನ ಒಣ ಬೇಸಿಗೇಲಿ ನಡೆಯುತ್ತೆ, ಮಂಗಳೂರಲ್ಲಿ ಗಾಳಿಯಲ್ಲೇ ತೇವ ಇರೋದ್ರಿಂದ ಇಷ್ಟು ಕೆಲಸ ಮಾಡಲ್ಲ, ಅಲ್ಲಿಯವರು ಚಿಲ್ಲರಿಗೇ ದುಡ್ಡು ಎತ್ತಿಡ್ಬೇಕು. ಆವಿ ಆಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ, ಅದಕ್ಕೆ ಮೇಲೆ ತುಂಬಿಸೋದು ಸಿಹಿನೀರೇ, ನೀರು ಇಳಿದಷ್ಟು ತಾನೇ ತುಂಬಿಸೋ, ಸೆನ್ಸರ್ ಇರೋ ಆಟೋ ಟಾಪ್ ಆಫ್ ಹಾಕಿದ್ರೆ ತಲೆನೋವಿಲ್ಲ.

ಹವಳ ಅಂತ ಮೊದಲು ಬಿಟ್ಟಿದ್ದು ಮಶ್ರೂಮ್ ಅನ್ನೋ ಜಾತಿ, ಆಮೇಲೆ ಗ್ರೀನ್ ಸ್ಟಾರ್ ಪಾಲಿಪ್, ಜೊವಾಂಥಿಡ್, ಒಂದು ಟೋಡ್‌ಸ್ಟೂಲ್ ಲೆದರ್. ಗ್ರೀನ್ ಸ್ಟಾರನ್ನ ಬೇರೆ ಕಲ್ಲಿಂದ ದೂರ ಒಂಟಿ ಕಲ್ಲಲ್ಲಿ ಇಡಿ, ಅದು ಕಾರ್ಪೆಟ್ ಹಾಸಿದಂಗೆ ಹಬ್ಬಿ ಪಕ್ಕದವರನ್ನ ಮುಚ್ಚಿಬಿಡುತ್ತೆ. ಲೆದರ್ ಕಥೆ ಬೇರೆ. ಚೆನ್ನಾಗಿ ಅರಳ್ಕೊಂಡಿದ್ದಿದ್ದು ಇದ್ದಕ್ಕಿದ್ದಂಗೆ ಪಾಲಿಪ್ (ಹವಳದ ಹೂವಿನಂಥ ಸಣ್ಣ ಬಾಯಿಗಳು) ಎಲ್ಲಾ ಒಳಗೆಳ್ಕೊಂಡು, ಮೇಲೆ ಮೇಣ ಸವರಿದಂಗೆ ಹೊಳೆಯೋ ಪೊರೆ ಬಂದು, ಬಣ್ಣ ಮಂಕಾಗಿ ವಾರಗಟ್ಟಲೆ ಹಂಗೇ ಕೂತಿರುತ್ತೆ. ಸತ್ತಿಲ್ಲ, ಪೊರೆ ಬಿಡ್ತಿದೆ ಅಷ್ಟೇ. ವೇವ್‌ಮೇಕರ್ ಸ್ವಲ್ಪ ಅದರ ಕಡೆ ತಿರುಗಿಸಿದ್ರೆ ಒಂದು ಅಂಚಿಂದ ಪೊರೆ ಎದ್ದು, ನೀರಲ್ಲಿ ಪಟಪಟ ಅಲ್ಲಾಡಿ ಕಿತ್ಕೊಂಡು ಹೋಗುತ್ತೆ, ಅದರ ಕೆಳಗೆ ಹೊಸ ತೊಗಲಲ್ಲಿ ಪಾಲಿಪ್‌ಗಳು ಸೂಜಿಮೊನೆಯಷ್ಟು ಇಣುಕ್ತಿರ್ತವೆ.

ಜೊವಾಂಥಿಡ್ ಮಾತ್ರ ಹುಷಾರು. ಅದರಲ್ಲಿ ಕೆಲವು ಜಾತಿಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಕಡ್ಡಾಯ, ಆ ಕಲ್ಲನ್ನ ಯಾವ ಕಾರಣಕ್ಕೂ ಕುದಿಸಬಾರದು, ಬಿಸಿನೀರಲ್ಲಿ ತೊಳೀಬಾರದು, ಆವಿ ಕುಡಿದು ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಉದಾಹರಣೆ ಹೊರದೇಶದಲ್ಲಿವೆ. ಕತ್ತರಿಸಿದ ತುಂಡನ್ನ ಜೆಲ್ ಥರದ ಇನ್‌ಸ್ಟಂಟ್ ಅಂಟಲ್ಲಿ ಬೇರೆ ಕಲ್ಲಿಗೆ ಅಂಟಿಸಿದ್ರೆ ಹಿಡ್ಕೊಳ್ಳುತ್ತೆ.

ಮೆತ್ತನೆ ಹವಳಕ್ಕೆ ಕ್ಯಾಲ್ಸಿಯಂ ಡೋಸಿಂಗ್ ಗೀಸಿಂಗ್ ಬೇಡ. ವಾರಕ್ಕೆ ನೂರಕ್ಕೆ 10 ಭಾಗ ನೀರು ಬದಲಾಯಿಸಿದ್ರೆ ಆಲ್ಕಲಿನಿಟಿ (ನೀರಿನ ಕ್ಷಾರಗುಣ, ಅದರ ಅಳತೆ ಡಿಕೆಎಚ್) 8-9ರಲ್ಲಿ ನಿಲ್ಲುತ್ತೆ, ಎಂಟೋ ಒಂಬತ್ತೋ ಅನ್ನೋದಕ್ಕಿಂತ ಒಂದೇ ಕಡೆ ನಿಲ್ಲೋದು ಮುಖ್ಯ. ನೈಟ್ರೇಟ್ ಸೊನ್ನೆ ಮಾಡಕ್ಕೂ ಹೋಗ್ಬೇಡಿ, 5-10 ಪಿಪಿಎಂ ಇರಲಿ, ತೀರಾ ಸ್ವಚ್ಛ ನೀರಲ್ಲಿ ಈ ಹವಳಗಳು ಸೊರಗ್ತವೆ.

ಮನೆಯವರಿಗೂ ಕೆಲವು ರೂಲ್ಸ್ ಇದೆ. ಟ್ಯಾಂಕ್ ಇರೋ ಹಾಲ್‌ನಲ್ಲಿ ಸೊಳ್ಳೆ ಲಿಕ್ವಿಡ್ ಮಷಿನ್ ಬಂದ್, ಅದರಲ್ಲಿರೋ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ವಿಷ, ಹಾಗಾಗಿ ಕಿಟಕಿಗೆ ಮೆಶ್ ಹಾಕಿಸಿದ್ವಿ. ಜಿರಳೆ ಸ್ಪ್ರೇಯೂ ಬೇಡ, ಸೋಪ್ ಕೈ ನೀರಿಗೆ ಹಾಕೋದೂ ಬೇಡ. ಇನ್ನು ಹಬ್ಬಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀ ಕೊಟ್ರೆ, ಮೀನಿಗೆ ಒಂದೊಂದು ದಿನದ್ದು ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟು ಊಟದ ಡಬ್ಬಿ ಬೀರುವಲ್ಲಿಟ್ಟು ಬೀಗ ಹಾಕ್ಕೊಂಡು ಹೋಗಿ, ಇಲ್ದಿದ್ರೆ ಪಾಪ ಹಸಿದಿದಾವೆ ಅಂತ ಡಬ್ಬಿಯೇ ಖಾಲಿ ಮಾಡಿರ್ತಾರೆ.